ಸಮುದ್ರಮಥನವೂ ನಮ್ಮ ಬಯಲುಸೀಮೆಯೂ

ಮದುವೆ ಮುಂಜಿಗಳಲ್ಲಿ ನೂರರ ಮೇಲೊಂದು ಸೇರಿಸಿ ಮುಯ್ಯಿ ಮಾಡುವ ಪದ್ಧತಿ ನಮ್ಮ ಕಡೆ ಇನ್ನೂ ಉಳಿದಿದೆ. ಅದಕ್ಕೆಂದು ಒಂದು ರೂಪಾಯಿಯ ನೋಟುಗಳನ್ನು ಜೋಪಾನವಾಗಿ ಎತ್ತಿಟ್ಟುಕೊಳ್ಳುವವರಲ್ಲಿ ನಾನೂ ಒಬ್ಬ. ಈಚೆಗೆ ಅಂಥದೊಂದು ನೋಟು, ಪಾಠಕ್ಕೆಂದು ಒಯ್ದಿದ್ದ ಪುಸ್ತಕದ ನಡುವಿನಿಂದ ಜಾರಿ ತರಗತಿಯ ನೆಲಕ್ಕೆ ಬಿದ್ದಿತು. ಮುಂದಿನ ಸಾಲಿನ ವಿದ್ಯಾರ್ಥಿನಿಯೊಬ್ಬಳು ಅದನ್ನು ಎತ್ತಿಕೊಟ್ಟವಳು, ಹಿಂಬದಿಯ ಚಿತ್ರವನ್ನು ನೋಡಿ, ಇದೇನೆಂದು ಕೇಳಿದಳು. ನಾನು ಆ ಪ್ರಶ್ನೆಯನ್ನು ಇಡೀ ತರಗತಿಗೆ ಹಾಕಿದೆ. ಒಬ್ಬ ಕಾರ್ಖಾನೆ ಎಂದ. ಮತ್ತೊಬ್ಬ ಹಡಗು ಎಂದ. ಮೂರನೆಯವನು, ಕಟ್ಟುತ್ತಿರುವ ಸೇತುವೆ ಇರಬೇಕೆಂದ. ಮೂವರ ಮಾತಿನಲ್ಲಿಯೂ ಒಂದೊಂದು ಪಾಲು ನಿಜವಿತ್ತು. ಅದು 'ಸಾಗರ್ ಸಮ್ರಾಟ್' ಎಂಬ ಕೊರೆಯುವ ನೌಕೆಯ ಚಿತ್ರ. ೧೯೭೪ರ ಫೆಬ್ರುವರಿಯಲ್ಲಿ ಮುಂಬಯಿಯಿಂದ ಸುಮಾರು ೧೬೦ ಕಿಲೋಮೀಟರು ದೂರದ ಅರಬ್ಬೀ ಸಮುದ್ರದಲ್ಲಿ ತೈಲವನ್ನು ಕಂಡುಕೊಟ್ಟ ನೌಕೆ ಅದು. ಆ ತೈಲಕ್ಷೇತ್ರಕ್ಕೆ ಆಗ ಬಾಂಬೆ ಹೈ ಎಂದು ಹೆಸರಾಯಿತು. ಈಗ ಮುಂಬಯಿ ಹೈ ಎನ್ನುತ್ತೇವೆ. ೧೯೯೪ರಲ್ಲಿ ನಿಂತುಹೋಗಿದ್ದ ಒಂದು ರೂಪಾಯಿಯ ನೋಟಿನ ಅಚ್ಚು ೨೦೧೫ರಲ್ಲಿ ಮತ್ತೆ ಆರಂಭವಾದಾಗಲೂ ಆ ಚಿತ್ರ ಉಳಿದುಕೊಂಡಿತು. ನಾವು ಅಕ್ಷತೆಯೊಡನೆ ಅದನ್ನು ವಧೂವರರ ಕೈಗೆ ಹಾಕುತ್ತಲೇ ಬಂದಿದ್ದೇವೆ. ಏನನ್ನು ಕೊಡುತ್ತಿದ್ದೇವೆಂದು ನೋಡಿದವರು ಮಾತ್ರ ವಿರಳ.

ನೋಡಬೇಕಾದ ಕಾಲ ಈಗ ಬಂದಿದೆ. ೨೦೨೫ರ ಆಗಸ್ಟ್ ೧೫ರಂದು ಪ್ರಧಾನ ಮಂತ್ರಿಗಳು ಕೆಂಪುಕೋಟೆಯ ಭಾಷಣದಲ್ಲಿ, ಆಳಸಮುದ್ರದಲ್ಲಿ ತೈಲವನ್ನೂ ಅನಿಲವನ್ನೂ ಅರಸುವ ರಾಷ್ಟ್ರೀಯ ಯೋಜನೆಯೊಂದನ್ನು ಘೋಷಿಸಿದರು. ಅದನ್ನು ಸಮುದ್ರಮಥನಕ್ಕೆ ಹೋಲಿಸಿದರು. ಅದಕ್ಕೆ ಕೆಲವು ತಿಂಗಳ ಮೊದಲೇ, ೧೯೪೮ರ ತೈಲಕ್ಷೇತ್ರಗಳ ಕಾಯಿದೆಗೆ ಸಂಸತ್ತು ತಿದ್ದುಪಡಿಯನ್ನು ಒಪ್ಪಿತ್ತು. ಮುಂಬಯಿ ಹೈ ಕ್ಷೇತ್ರದ ಕುಗ್ಗುತ್ತಿರುವ ಉತ್ಪನ್ನವನ್ನು ಮೇಲೆತ್ತಲು ೨೦೨೫ರ ಜನವರಿಯಲ್ಲಿ ಬಿ.ಪಿ. ಎಂಬ ಬ್ರಿಟಿಷ್ ಸಂಸ್ಥೆಯನ್ನು ಹತ್ತು ವರ್ಷಗಳ ಮಟ್ಟಿಗೆ ತಾಂತ್ರಿಕ ಸಹಾಯಕ್ಕೆ ಆರಿಸಿಕೊಳ್ಳಲಾಗಿತ್ತು. ಈ ಮೂರು ಸಂಗತಿಗಳನ್ನೂ ಜೊತೆಗಿಟ್ಟು ನೋಡಿದರೆ, ಕಡಲನ್ನು ಮತ್ತೊಮ್ಮೆ, ಮೊದಲಿಗಿಂತ ಆಳವಾಗಿ ಕಡೆಯುವ ಕೆಲಸಕ್ಕೆ ದೇಶ ಕೈ ಹಾಕಿದೆಯೆಂಬುದು ಸ್ಪಷ್ಟ.

ಕನ್ನಡದ ಅಧ್ಯಾಪಕನಿಗೆ ಈ ಉಸಾಬರಿ ಏಕೆಂದು ವಾಚಕರು ಕೇಳಬಹುದು. ಅದೂ ಕಡಲಿಂದ ಬಹುದೂರದ ಚಿಕ್ಕಬಳ್ಳಾಪುರದಲ್ಲಿ ಕುಳಿತವನಿಗೆ! ನನ್ನ ಉತ್ತರವಿಷ್ಟೆ. ಸಮುದ್ರಮಥನವೆಂಬುದು ನನ್ನ ಪಾಠದ ಪರಿಧಿಗೆ ಸೇರಿದ ಮಾತು. ರಾಜ್ಯಭಾರದ ಮಾತಿಗೆ ಪುರಾಣದ ಉಪಮಾನವನ್ನು ತಂದಾಗ, ಆ ಉಪಮಾನದ ಅರ್ಥವನ್ನು ಪೂರ್ತಿಯಾಗಿ ಬಿಡಿಸಿ ನೋಡುವುದು ಸಾಹಿತ್ಯದ ಮೇಷ್ಟರ ಕರ್ತವ್ಯ. ಕತೆಯಲ್ಲಿ ಅಮೃತವೊಂದೇ ಇಲ್ಲ. ಮಂದರ ಪರ್ವತ ಕಡೆಗೋಲಾಯಿತು, ವಾಸುಕಿ ಹಗ್ಗವಾಯಿತು. ಆದರೆ ಕಡೆಯತೊಡಗಿದೊಡನೆ ಬೆಟ್ಟ ಕುಸಿಯಿತು. ಕೆಳಗೆ ಕೂರ್ಮ ಬೆನ್ನು ಕೊಟ್ಟ ಮೇಲೆಯೇ ಅದು ನಿಂತದ್ದು. ಅಮೃತಕ್ಕಿಂತ ಮೊದಲು ಬಂದದ್ದು ಹಾಲಾಹಲ. ಅದನ್ನು ಯಾರು ಕುಡಿಯಬೇಕೆಂಬ ಪ್ರಶ್ನೆಗೆ ಉತ್ತರ ದೊರೆಯುವವರೆಗೆ ಕಡೆತ ಮುಂದುವರಿಯಲಿಲ್ಲ. ಕೊನೆಗೆ ಅಮೃತ ಬಂದಾಗ, ಅದನ್ನು ಹಂಚುವಲ್ಲಿ ಜಗಳವಾಯಿತು. ಆಧಾರ, ವಿಷ, ಹಂಚಿಕೆ: ಈ ಮೂರು ಪ್ರಶ್ನೆಗಳೂ ಕತೆಯೊಳಗೇ ಇವೆ. ಅವುಗಳನ್ನೇ ಇಂದಿನ ಕಾರ್ಯಕ್ಕೂ ಹಾಕಿ ನೋಡೋಣ.

ಮೊದಲು ನಮ್ಮ ನೆಲದ ಮಾತು. ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರುಗಳಲ್ಲಿ ಎಷ್ಟು ಅಗೆದರೂ ಎಣ್ಣೆ ಸಿಗುವುದಿಲ್ಲ. ನೀರೇ ಸಿಗುವುದು ದುರ್ಲಭ. ನಮ್ಮ ಕಾಲ ಕೆಳಗಿರುವುದು ಇನ್ನೂರು ಕೋಟಿ ವರ್ಷಗಳಿಗೂ ಹಳೆಯದಾದ ಕಗ್ಗಲ್ಲು. ತೈಲ ಹುಟ್ಟುವುದು ಅಂಥ ಕಲ್ಲಿನಲ್ಲಲ್ಲ. ಹಳೆಯ ಕಡಲುಗಳ ತಳದಲ್ಲಿ ಸೂಕ್ಷ್ಮಜೀವಿಗಳೂ ಪಾಚಿಗಳೂ ಸತ್ತು ಬಿದ್ದು, ಅವುಗಳ ಮೇಲೆ ಕೆಸರು ಪದರ ಪದರವಾಗಿ ಕೂತು, ಒತ್ತಡದಿಂದಲೂ ಭೂಮಿಯ ಕಾವಿನಿಂದಲೂ ಕೋಟ್ಯಂತರ ವರ್ಷ ಬೆಂದು ತೈಲವೂ ಅನಿಲವೂ ಆಗುತ್ತವೆ. ಅವು ಹಗುರವಾದುದರಿಂದ ಮೇಲಕ್ಕೆ ಹರಿಯುತ್ತವೆ. ಸಂದುಗೊಂದುಗಳಿರುವ ಮರಳುಗಲ್ಲಿನಲ್ಲೋ ಸುಣ್ಣಕಲ್ಲಿನಲ್ಲೋ ಸೇರಿ, ಮೇಲೆ ಬಿಗಿಯಾದ ಜೇಡಿಕಲ್ಲಿನ ಮುಚ್ಚಳ ಸಿಕ್ಕಿದರೆ ಅಲ್ಲಿ ನಿಲ್ಲುತ್ತವೆ. ತೈಲಕ್ಷೇತ್ರವೆಂದರೆ ನೆಲದೊಳಗಿನ ಎಣ್ಣೆಯ ಕೆರೆಯಲ್ಲ. ನೀರು ಕುಡಿದ ಇಟ್ಟಿಗೆಯಂತೆ ಎಣ್ಣೆ ಕುಡಿದ ಕಲ್ಲು.

ಹಾಗೆಂದು ನಮ್ಮ ನೆಲಕ್ಕೂ ಕಡಲತಳಕ್ಕೂ ಸಂಬಂಧವೇ ಇಲ್ಲವೆನ್ನಲಾಗದು. ನಂದಿಬೆಟ್ಟದ ಸಾಲಿನಲ್ಲಿ ಹುಟ್ಟುವ ಉತ್ತರ ಪಿನಾಕಿನಿ, ಅಂದರೆ ಪೆನ್ನಾರ್, ಗೌರಿಬಿದನೂರಿನ ಮಗ್ಗುಲಲ್ಲಿ ಹಾದು ಆಂಧ್ರವನ್ನು ಹೊಕ್ಕು ನೆಲ್ಲೂರಿನ ಬಳಿ ಬಂಗಾಳಕೊಲ್ಲಿಯನ್ನು ಸೇರುತ್ತದೆ. ಇದೇ ಪ್ರಾಂತದ ಪಾಲಾರ್ ತಮಿಳುನಾಡಿನಲ್ಲಿ ಅದೇ ಕಡಲನ್ನು ಸೇರುತ್ತದೆ. ಇಂದು ಈ ನದಿಗಳು ಮರಳಿನ ಗೆರೆಗಳಾಗಿವೆ ನಿಜ. ಆದರೆ ಯುಗಯುಗಗಳಿಂದ ಅವು ಈ ಎತ್ತರದ ನೆಲವನ್ನು ಸವೆಸಿ, ಕಣಕಣವಾಗಿ ಹೊತ್ತು, ಕಡಲಿಗೆ ಸುರಿದಿವೆ. ಆ ತೀರದಾಚೆಯ ಕೆಸರಿನ ಪದರಗಳಿಗೆ ತೈಲಶೋಧಕರು ಕೊಟ್ಟಿರುವ ಹೆಸರು 'ಪಾಲಾರ್–ಪೆನ್ನಾರ್ ಜಲಾನಯನ'. ಮಂದರವು ಕಡಲಿಗಿಳಿಯಿತೆಂಬುದು ಪುರಾಣ. ನಂದಿಯ ಮಣ್ಣು ಕಡಲಿಗಿಳಿದದ್ದು ಭೂವಿಜ್ಞಾನ.

ಕಾನೂನಿನ ಸಂಬಂಧ ಇದಕ್ಕಿಂತ ನೇರವಾದುದು. ನಮ್ಮ ಸಂವಿಧಾನದ ೨೯೭ನೆಯ ವಿಧಿಯ ಪ್ರಕಾರ ದೇಶದ ಕಡಲಿನ ತಳದಲ್ಲಿರುವ ಸಂಪತ್ತು ಒಕ್ಕೂಟಕ್ಕೆ ಸೇರಿದ್ದು. ನೆಲದ ಮೇಲಿನ ತೈಲಬಾವಿಯ ರಾಜಧನ ಆಯಾ ರಾಜ್ಯಕ್ಕೆ ಸಲ್ಲುತ್ತದೆ, ಕಡಲಿನದು ಹಾಗಲ್ಲ. ಮುಂಬಯಿ ಹೈ ಕ್ಷೇತ್ರದ ಎಣ್ಣೆಯಲ್ಲಿ ಮುಂಬಯಿಯ ವರ್ತಕನಿಗೆಷ್ಟು ಹಕ್ಕುಂಟೋ ಚಿಂತಾಮಣಿಯ ಟೊಮೇಟೊ ಬೆಳೆಗಾರನಿಗೂ ಅಷ್ಟೇ ಹಕ್ಕುಂಟು. ಪಾಲುದಾರನಾದವನು ಲೆಕ್ಕ ಕೇಳಬಾರದೆ?

ಇನ್ನು ಆಧಾರದ ಪ್ರಶ್ನೆ. ಇಂಥ ಸಾಹಸ ಯಾವುದರ ಬೆನ್ನ ಮೇಲೆ ನಿಲ್ಲಬೇಕು? ಅರಿವಿನ ಬೆನ್ನ ಮೇಲೆ. ನಮ್ಮ ಕಡೆ ಕೊಳವೆಬಾವಿ ತೆಗೆಸುವವರು ಅಂಗೈಯಲ್ಲಿ ತೆಂಗಿನಕಾಯಿ ನಿಲ್ಲಿಸಿಕೊಂಡು ಹೊಲದಲ್ಲಿ ನಡೆಯುವವನನ್ನು ಕರೆಸುತ್ತಾರೆ. ಕಾಯಿ ಎದ್ದು ನಿಂತ ಕಡೆ ಸಾವಿರ, ಸಾವಿರದ ಐನೂರು ಅಡಿ ಕೊರೆಯುತ್ತಾರೆ. ದೂಳು ಬಂದರೆ ಹಣೆಬರಹವೆನ್ನುತ್ತಾರೆ. ಸಾಲ ಮಾತ್ರ ಉಳಿಯುತ್ತದೆ. ಕಡಲಿನಲ್ಲಿ ಒಂದು ಬಾವಿಗೆ ಕೋಟಿಗಟ್ಟಲೆ ರೂಪಾಯಿ ಬೇಕಾದುದರಿಂದ ಅಲ್ಲಿ ತೆಂಗಿನಕಾಯಿ ನಡೆಯದು. ಹಡಗಿನಿಂದ ನೀರಿನೊಳಗೆ ಗಾಳಿಯ ಸಿಡಿತವನ್ನು ಹೊಮ್ಮಿಸಿ, ಅದರ ದನಿ ಕಡಲತಳದ ಪದರಗಳಿಗೆ ತಾಗಿ ಮರಳಿ ಬರುವುದನ್ನು ಉದ್ದನೆಯ ಕೇಬಲ್ಲಿಗೆ ಪೋಣಿಸಿದ ಕೇಳುಯಂತ್ರಗಳಿಂದ ಹಿಡಿದು, ಯಾವ ಪದರ ಎಷ್ಟು ಆಳದಲ್ಲಿ ಹೇಗೆ ಬಾಗಿದೆಯೆಂದು ನಕ್ಷೆ ಬರೆಯುತ್ತಾರೆ. ಇದರ ದಾಯಾದಿ ವಿದ್ಯೆಯೊಂದು ಗೌರಿಬಿದನೂರಿನಲ್ಲಿಯೇ ಇದೆ. ಭಾಭಾ ಪರಮಾಣು ಸಂಶೋಧನಾ ಕೇಂದ್ರದವರು ೧೯೬೦ರ ದಶಕದಲ್ಲಿ ಅಲ್ಲಿ ನೆಲೆಗೊಳಿಸಿದ ಭೂಕಂಪನ ಮಾಪಕಗಳ ಸಾಲು, ದೂರದೇಶದ ಭೂಕಂಪವನ್ನೂ ನೆಲದಡಿಯ ಅಣುಸ್ಫೋಟವನ್ನೂ ಕಂಡುಹಿಡಿಯುತ್ತದೆ. ಭೂಮಿಗೆ ಕಿವಿಗೊಟ್ಟು ಕಾಣದ್ದನ್ನು ಊಹಿಸುವ ಶಾಸ್ತ್ರಕ್ಕೆ ನಾವು ಅಪರಿಚಿತರಲ್ಲ.

ಈ ಶಾಸ್ತ್ರವನ್ನು ದೇಶ ಸುಲಭವಾಗಿ ಸಂಪಾದಿಸಲಿಲ್ಲ. ಸ್ವಾತಂತ್ರ್ಯ ಬಂದ ಹೊಸತರಲ್ಲಿ ಭಾರತದಲ್ಲಿ ಹೆಚ್ಚಿನ ತೈಲವಿಲ್ಲವೆಂದು ವಿದೇಶೀ ಕಂಪನಿಗಳ ತಜ್ಞರನೇಕರು ನಂಬಿದ್ದರು. ಕೇಶವ ದೇವ ಮಾಳವೀಯರು ಆ ಮಾತನ್ನು ಒಪ್ಪದೆ ೧೯೫೬ರಲ್ಲಿ ತೈಲ ಮತ್ತು ನೈಸರ್ಗಿಕ ಅನಿಲ ಆಯೋಗವನ್ನು ನೆಲೆಗೊಳಿಸಿದರು. ರಷ್ಯದ ತಜ್ಞರ ನೆರವಿನಿಂದ ೧೯೫೮ರಲ್ಲಿ ಖಂಭಾತದಲ್ಲಿ, ೧೯೬೦ರಲ್ಲಿ ಅಂಕಲೇಶ್ವರದಲ್ಲಿ ತೈಲ ದೊರೆಯಿತು. ೧೯೬೦ರ ದಶಕದಲ್ಲಿಯೇ ರಷ್ಯದ ಹಡಗೊಂದು ಅರಬ್ಬೀ ಸಮುದ್ರದ ತಳವನ್ನು ಅಳೆದು, ಅಲ್ಲೊಂದು ದೊಡ್ಡ ಉಬ್ಬು ಇರುವುದನ್ನು ಗುರುತಿಸಿತು. ೧೯೭೦ರಲ್ಲಿ ಖಂಭಾತ ಕೊಲ್ಲಿಯ ಆಲಿಯಾಬೆಟ್ಟಿನಲ್ಲಿ ಕಡಲಿನ ಮೊದಲ ಬಾವಿಗೆ ಕೈಹಾಕಿದರು. ೧೯೭೩ರ ಕೊನೆಯಲ್ಲಿ ಅರಬ್ ರಾಷ್ಟ್ರಗಳು ತೈಲವನ್ನು ತಡೆಹಿಡಿದು, ಬೆಲೆ ಕೆಲವೇ ತಿಂಗಳಲ್ಲಿ ನಾಲ್ಕು ಪಟ್ಟಾಯಿತು. ಅದೇ ಸಂಕಟದ ನಡುವೆ ಜಪಾನಿನಲ್ಲಿ ಕಟ್ಟಿಸಿದ ಸಾಗರ್ ಸಮ್ರಾಟ್ ಆ ಉಬ್ಬನ್ನು ಕೊರೆಯಿತು. ೧೯೭೬ರ ಮೇ ತಿಂಗಳಲ್ಲಿ ಉತ್ಪಾದನೆ ಮೊದಲಾಯಿತು. ಕಂಡುಹಿಡಿದ ಎರಡೇ ವರ್ಷಗಳಲ್ಲಿ ಇದನ್ನು ಸಾಧಿಸಿದ್ದು ಸಾಮಾನ್ಯವಲ್ಲ.

ಸಾಗರ್ ಸಮ್ರಾಟ್ ಆಗ ಬಾವಿಯನ್ನು ಕೊರೆದು ಮುಂದೆ ಸಾಗುವ ಜಾತಿಯದಾಗಿತ್ತು. ಕೊರೆದ ಬಾವಿಗಳಿಂದ ಹತ್ತಾರು ವರ್ಷ ಎಣ್ಣೆ ತೆಗೆಯುವುದು ಉತ್ಪಾದನಾ ವೇದಿಕೆಗಳ ಕೆಲಸ. ಮುಂಬಯಿ ಹೈ ಇರುವಲ್ಲಿ ನೀರಿನ ಆಳ ಸುಮಾರು ೭೫ ಮೀಟರು. ಉಕ್ಕಿನ ಕೊಳವೆಗಳಿಂದ ಹೆಣೆದ ಗೋಪುರವನ್ನು ದಡದಲ್ಲಿ ಕಟ್ಟಿ, ದೋಣಿಯ ಮೇಲೆ ಸಾಗಿಸಿ, ಕಡಲೊಳಗೆ ನೆಟ್ಟಗೆ ನಿಲ್ಲಿಸುತ್ತಾರೆ. ಅದರ ಕಾಲುಗಳ ಮೂಲಕ ಉಕ್ಕಿನ ಗೂಟಗಳನ್ನು ತಳದೊಳಕ್ಕೆ ಬಹಳ ಆಳದವರೆಗೆ ಜಡಿದು, ಅಲೆಗೆ ಎಟುಕದ ಎತ್ತರದಲ್ಲಿ ಅಟ್ಟಣೆಗಳನ್ನು ಕೂರಿಸುತ್ತಾರೆ. ನಮ್ಮ ಕಾಲದ ಕೂರ್ಮ ಇದೇ. ಕೆಲವು ಅಟ್ಟಣೆಗಳಲ್ಲಿ ಬಾವಿಗಳ ಬಾಯಿಗಳು ಮಾತ್ರ ಇರುತ್ತವೆ. ಅಲ್ಲಿ ಯಾರೂ ವಾಸವಿರುವುದಿಲ್ಲ. ದೊಡ್ಡ ವೇದಿಕೆಗಳಲ್ಲಿ ಬಾವಿಯಿಂದ ಬಂದ ಎಣ್ಣೆ, ಅನಿಲ, ಉಪ್ಪುನೀರುಗಳನ್ನು ತೊಟ್ಟಿಗಳಲ್ಲಿ ಬೇರ್ಪಡಿಸುತ್ತಾರೆ. ಪಕ್ಕದ ವೇದಿಕೆಯಲ್ಲಿ ಜನರ ವಸತಿ, ನಡುವೆ ಸೇತುವೆ. ಎಣ್ಣೆ ಕಡಲತಳದ ಕೊಳವೆಯಲ್ಲಿ ಉರಾಣಿನ ದಡಕ್ಕೆ ಹೋಗುತ್ತದೆ. ಅನಿಲದಿಂದ ಅಡಿಗೆಯ ಸಿಲಿಂಡರಿನ ಪಾಲನ್ನು ಅಲ್ಲಿ ಬೇರೆ ಮಾಡುತ್ತಾರೆ. ಉಳಿದುದು ಗೊಬ್ಬರದ, ವಿದ್ಯುತ್ತಿನ ಕಾರ್ಖಾನೆಗಳಿಗೆ ಸಲ್ಲುತ್ತದೆ. ನೂರಾರು ಮೀಟರು ಆಳದ ನೀರಿನಲ್ಲಿ ಇಂಥ ಕಾಲುಗಳು ನಿಲ್ಲಲಾರವು. ಅಲ್ಲಿ ಬಾವಿಯ ಬಾಯಿಗಳು ಕಡಲತಳದಲ್ಲೇ ಇದ್ದು, ಮೇಲೆ ಹಡಗಿನಂಥ ತೇಲುವ ವೇದಿಕೆಯಿರುತ್ತದೆ. ಕೃಷ್ಣಾ–ಗೋದಾವರಿ ಕಡಲಿನ ಹೊಸ ಕ್ಷೇತ್ರದಲ್ಲಿ ೨೦೨೪ರ ಜನವರಿಯಲ್ಲಿ ಎಣ್ಣೆ ಹರಿದದ್ದು ಈ ಬಗೆಯಲ್ಲಿ.

ಆ ಎಣ್ಣೆ ನಮ್ಮವರೆಗೆ ಬರುವ ಹಾದಿಯೂ ಇದೆ. ಮಂಗಳೂರಿನ ಸಂಸ್ಕರಣಾಗಾರ ೧೯೯೬ರಲ್ಲಿ ಆರಂಭವಾಗಿ, ೨೦೦೩ರಲ್ಲಿ ತೈಲ ನಿಗಮದ ಒಡೆತನಕ್ಕೆ ಬಂದಿತು. ಮುಂಬಯಿ ಹೈ ಕಚ್ಚಾತೈಲವೂ ವಿದೇಶಗಳ ಕಚ್ಚಾತೈಲವೂ ಅಲ್ಲಿಗೆ ಹಡಗಿನಲ್ಲಿ ಬರುತ್ತವೆ. ಅಲ್ಲಿಂದ ಹಾಸನದ ಮೂಲಕ ಹೊಸಕೋಟೆಯ ಬಳಿಯ ದೇವನಗೊಂತಿಯವರೆಗೆ ಪೆಟ್ರೋಲು ಡೀಸೆಲ್ಲುಗಳು ನೆಲದಡಿಯ ಕೊಳವೆಯಲ್ಲಿ ಘಟ್ಟ ಹತ್ತಿ ಬರುತ್ತವೆ. ದೇವನಗೊಂತಿ ನಮ್ಮ ಜಿಲ್ಲೆಯ ನೆರೆಯೇ. ಚಿಂತಾಮಣಿಯ ಸಂತೆಯಿಂದ ಹೊರಡುವ ಟೊಮೇಟೊ ಲಾರಿ ಓಡುವುದು ಡೀಸೆಲ್ಲಿನಿಂದ. ಆ ಟೊಮೇಟೊ ಗಿಡದ ಬುಡಕ್ಕೆ ಹೊದಿಸಿದ ಪ್ಲಾಸ್ಟಿಕ್ಕಿನ ಹಾಳೆಯೂ ನೀರು ತೊಟ್ಟಿಕ್ಕುವ ಕೊಳವೆಯೂ ಪೆಟ್ರೋಲಿಯಮ್ಮಿನ ಮಕ್ಕಳೇ. ಶಿಡ್ಲಘಟ್ಟದ ನೂಲು ಬಿಚ್ಚಾಣಿಕೆಯವರು ಕುದಿಯುವ ನೀರಿನಿಂದ ಎಳೆದು ತೆಗೆಯುವ ರೇಷ್ಮೆಯೆಳೆಗೆ ಪ್ರತಿಸ್ಪರ್ಧಿಯಾಗಿ ಸೀರೆಯಂಗಡಿಯಲ್ಲಿ ಕೂತಿರುವ ಪಾಲಿಯೆಸ್ಟರ್ ಹುಟ್ಟಿದ್ದೂ ಇದೇ ಎಣ್ಣೆಯ ಹೊಟ್ಟೆಯಲ್ಲಿ. ಹುಳುವಿನ ನೂಲಿಗೂ ಕಡಲಿನ ನೂಲಿಗೂ ನಡೆಯುತ್ತಿರುವ ಪೈಪೋಟಿಯನ್ನು ಶಿಡ್ಲಘಟ್ಟದವರು ದಿನವೂ ಅನುಭವಿಸುತ್ತಿದ್ದಾರೆ. ಅದರ ಮೂಲ ಇದೆಂದು ಹೇಳುವವರು ಇಲ್ಲ.

ಈಗ ದೇಶ ಬಳಸುವ ಕಚ್ಚಾತೈಲದಲ್ಲಿ ನೂರಕ್ಕೆ ಎಂಬತ್ತೈದಕ್ಕಿಂತ ಹೆಚ್ಚು ಪಾಲು ಹೊರದೇಶದ್ದು. ದೂರದಲ್ಲೆಲ್ಲೋ ಯುದ್ಧವಾದರೆ ನಮ್ಮ ಸಂತೆಯ ಸಾಗಾಣಿಕೆಯ ಬೆಲೆ ಏರುತ್ತದೆ. ಹೀಗಿರಲು, ನಮ್ಮದೇ ಕಡಲನ್ನು ಶೋಧಿಸಬಾರದೆಂದು ಹೇಳಲು ನನಗೆ ಬಾಯಿ ಬರುವುದಿಲ್ಲ. ಆದರೆ ಶೋಧವೆಂದರೆ ದೊರಕುವಿಕೆಯಲ್ಲ. ಮುಂಬಯಿ ಹೈ ೧೯೮೯ರ ಸುಮಾರಿಗೆ ದಿನಕ್ಕೆ ನಾಲ್ಕು ಲಕ್ಷ ಪೀಪಾಯಿಗಿಂತ ಹೆಚ್ಚು ಕೊಡುತ್ತಿತ್ತು; ಈಗ ಅದರ ಮೂರರಲ್ಲೊಂದು ಪಾಲೂ ಬರುವುದಿಲ್ಲ. ನೀರನ್ನು ಒಳಗೆ ಒತ್ತಿ ಎಣ್ಣೆಯನ್ನು ಮೇಲೆ ತಳ್ಳುವ ಉಪಾಯಗಳೆಲ್ಲ ನಡೆದಿವೆ. ಬಿ.ಪಿ.ಯನ್ನು ಕರೆದಿರುವುದೂ ಈ ಇಳಿತವನ್ನು ತಡೆಯುವುದಕ್ಕೇ. ಕೃಷ್ಣಾ–ಗೋದಾವರಿ ಕಡಲಿನಲ್ಲಿ ೨೦೦೨ರಲ್ಲಿ ದೊಡ್ಡ ಅನಿಲಕ್ಷೇತ್ರ ಸಿಕ್ಕಿ, ೨೦೦೯ರಲ್ಲಿ ಅನಿಲ ಹರಿದಾಗ, ದೇಶದ ಕೊರತೆಯೆಲ್ಲ ನೀಗಿತೆಂಬ ಮಾತು ಹಬ್ಬಿತು. ಮರುವರ್ಷದ ತುತ್ತತುದಿಯಿಂದ ಅದು ಬಲು ಬೇಗ ಇಳಿಯಿತು. ಅದನ್ನು ನಂಬಿ ಕಟ್ಟಿದ ವಿದ್ಯುತ್ ಕೇಂದ್ರಗಳು ಅನಿಲವಿಲ್ಲದೆ ನಿಂತವು. ಹೊಸ ಬಾವಿಗಳಿಂದ ೨೦೨೦ರ ಕೊನೆಯಲ್ಲಿ ಅದು ಮತ್ತೆ ಚೇತರಿಸಿಕೊಂಡಿತೆಂಬುದನ್ನೂ ಹೇಳಬೇಕು. ನಮ್ಮ ಪಶ್ಚಿಮದ ಕರೆಯಾಚೆಯ ಕೇರಳ–ಕೊಂಕಣ ಜಲಾನಯನದಲ್ಲಾದರೋ ಹುಡುಕಾಟ ನಡೆದಿದ್ದರೂ ಲಾಭದ ಉತ್ಪಾದನೆ ಇದುವರೆಗೆ ಕೈಗೂಡಿಲ್ಲ. ಆಧಾರವೆಂದರೆ ಇದು: ಇದ್ದಷ್ಟನ್ನೇ ಇದೆಯೆಂದು ಹೇಳುವ ಪ್ರಾಮಾಣಿಕ ಅಂದಾಜು. ತೆಂಗಿನಕಾಯಿ ಎದ್ದು ನಿಂತಿತೆಂದು ಊರಿಗೆಲ್ಲ ಸಾರಿ, ಹೊಲವನ್ನೆಲ್ಲ ದ್ರಾಕ್ಷಿಯ ತೋಟ ಮಾಡಿ, ಕೊನೆಗೆ ಕೊಳವೆಬಾವಿ ಬತ್ತಿದಾಗ ಏನಾಗುವುದೆಂದು ಈ ಜಿಲ್ಲೆಯವರಿಗೆ ಯಾರೂ ಕಲಿಸಬೇಕಾಗಿಲ್ಲ.

ಎರಡನೆಯದು ಹಾಲಾಹಲದ ಪ್ರಶ್ನೆ. ೨೦೦೫ರ ಜುಲೈ ೨೭ರಂದು ಮುಂಬಯಿ ಹೈ ಬಳಿಯ ಹಡಗೊಂದರಲ್ಲಿ ಅಡಿಗೆಯವನೊಬ್ಬನ ಬೆರಳು ಕತ್ತರಿಸಿಹೋಯಿತು. ಮಳೆಗಾಲದ ಗಾಳಿಗೆ ಹೆಲಿಕಾಪ್ಟರು ಹಾರುವಂತಿರಲಿಲ್ಲ. ಗಾಯಾಳುವನ್ನು ವೇದಿಕೆಗೆ ದಾಟಿಸಲೆಂದು ಹಡಗು ಹತ್ತಿರ ಬಂದಿತು. ಅಲೆಯ ಹೊಡೆತಕ್ಕೆ ಸಿಕ್ಕಿ, ಅನಿಲವನ್ನು ಮೇಲೆ ತರುವ ಕೊಳವೆಗೆ ಬಡಿಯಿತು. ಸೋರಿದ ಅನಿಲಕ್ಕೆ ಬೆಂಕಿ ತಗುಲಿ ಸುಮಾರು ಎರಡು ಗಂಟೆಗಳಲ್ಲಿ ವೇದಿಕೆ ಕಡಲಿಗೆ ಕುಸಿಯಿತು. ೩೬೨ ಜನ ಉಳಿದರು. ೨೨ ಜನ ಸತ್ತರು ಅಥವಾ ಕಾಣೆಯಾದರು. ಬೆರಳಿನ ಗಾಯದಿಂದ ಇಷ್ಟಾಯಿತೆನ್ನುವುದು ಸರಿಯಲ್ಲ. ಅನಿಲದ ಕೊಳವೆ ಹಡಗು ಬಡಿಯಬಹುದಾದ ಕಡೆಯಲ್ಲಿ, ಸಾಕಷ್ಟು ರಕ್ಷೆಯಿಲ್ಲದೆ ಇದ್ದದ್ದರಿಂದ ಇಷ್ಟಾಯಿತು. ೨೦೦೮ರಲ್ಲಿ ಕಡಲ ತೈಲಕಾರ್ಯದ ಸುರಕ್ಷತೆಗೆ ಪ್ರತ್ಯೇಕ ನಿಯಮಗಳು ಬಂದವು.

ನಿಯಮ ಬಂದ ಮೇಲೆಯೂ ೨೦೨೧ ಬಂದಿತು. ಆ ಮೇ ೧೭ರಂದು ತೌಕ್ತೆ ಚಂಡಮಾರುತದಲ್ಲಿ, ತೈಲಕ್ಷೇತ್ರದ ಕೂಲಿಗಾರರು ತಂಗಿದ್ದ ಪಿ–೩೦೫ ಎಂಬ ದೋಣಿಮನೆ ಲಂಗರು ಹರಿದುಕೊಂಡು ತೇಲಿ, ವೇದಿಕೆಯೊಂದಕ್ಕೆ ಬಡಿದು ಮುಳುಗಿತು. ಅದರಲ್ಲಿ ಇದ್ದವರು ೨೬೧ ಜನ. ಜೊತೆಗೆ ಮುಳುಗಿದ ಎಳೆಹಡಗಿನವರನ್ನೂ ಸೇರಿಸಿದರೆ ಎಂಬತ್ತಕ್ಕೂ ಹೆಚ್ಚು ಜನ ಪ್ರಾಣ ಬಿಟ್ಟರು. ಚಂಡಮಾರುತದ ಮುನ್ಸೂಚನೆ ದಿನಗಳ ಮೊದಲೇ ಬಂದಿತ್ತು.

ಆ ರಾತ್ರಿಯ ನೆನಪು ನನಗೆ ಬೇರೆ ಕಾರಣಕ್ಕೆ ಉಳಿದಿದೆ. ಶಿಡ್ಲಘಟ್ಟದ ಕಡೆಯ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬೆಸುಗೆಯ ಕೆಲಸ ಕಲಿತು, ಗುತ್ತಿಗೆದಾರರೊಬ್ಬರ ಕೈಕೆಳಗೆ ಕಡಲಿನ ವೇದಿಕೆಗಳಲ್ಲಿ ದುಡಿಯುತ್ತಿದ್ದ. ಆಗ ಅವನು ರಜೆಯ ಮೇಲೆ ಊರಿಗೆ ಬಂದಿದ್ದ. ಮರುದಿನ ಬೆಳಿಗ್ಗೆ ನನಗೆ ದೂರವಾಣಿ ಮಾಡಿ, ತನ್ನ ಜೊತೆಯವರ ಹೆಸರುಗಳನ್ನು ಒಂದೊಂದಾಗಿ ಹೇಳಿದ. ಅವರಲ್ಲಿ ಯಾರು ಎಲ್ಲಿದ್ದಾರೆಂದು ಗುತ್ತಿಗೆದಾರರಿಂದ ಉತ್ತರ ಬರುತ್ತಿರಲಿಲ್ಲ. ಪಾಠ ಹೇಳಿ ಅಭ್ಯಾಸವಾದ ನನಗೆ ಆಡಲು ಒಂದು ಮಾತೂ ಹೊಳೆಯಲಿಲ್ಲ. ಮುಂದೆ ಅವನು ಮರಳಿ ಕೆಲಸಕ್ಕೆ ಹೋದ. ಏಕೆ ಹೋಗುತ್ತೀಯೆಂದು ಕೇಳಿದರೆ, ಹೊಲದ ಮೂರು ಕೊಳವೆಬಾವಿಗಳೂ ಬತ್ತಿವೆ, ಸಾಲ ಬತ್ತಿಲ್ಲ ಎಂದ. ನೆಲದಲ್ಲಿ ನೀರು ಬತ್ತಿದವನು ನೀರಿನ ನಡುವೆ ಎಣ್ಣೆ ತೆಗೆಯಲು ಹೋಗುತ್ತಾನೆ. ಹಾಲಾಹಲ ಯಾರ ಪಾಲಿಗೆ ಬರುತ್ತದೆಂಬುದಕ್ಕೆ ನನಗೆ ಇದಕ್ಕಿಂತ ಹತ್ತಿರದ ನಿದರ್ಶನ ಬೇಕಿಲ್ಲ.

ಬೇರೆ ದೇಶಗಳಿಗೂ ಈ ಪಾಠ ಅಗ್ಗವಾಗಿ ಸಿಗಲಿಲ್ಲ. ಉತ್ತರ ಸಮುದ್ರದ ಪೈಪರ್ ಆಲ್ಫಾ ವೇದಿಕೆಯಲ್ಲಿ ೧೯೮೮ರ ಜುಲೈ ೬ರಂದು ೧೬೭ ಜನ ಸತ್ತರು. ದುರಸ್ತಿಗೆಂದು ಬಿಚ್ಚಿದ್ದ ಪಂಪಿನ ಸಂಗತಿ ಮುಂದಿನ ಪಾಳಿಯವರಿಗೆ ತಿಳಿಯದೆ, ಅವರು ಅದನ್ನು ಚಾಲೂ ಮಾಡಿದ್ದರಿಂದ ಆ ಅನಾಹುತವಾಯಿತು. ಲಾರ್ಡ್ ಕಲೆನ್ ಅವರ ವಿಚಾರಣೆ ೧೯೯೦ರಲ್ಲಿ ೧೦೬ ಸಲಹೆಗಳನ್ನು ಕೊಟ್ಟಿತು, ಅವೆಲ್ಲವನ್ನೂ ಒಪ್ಪಲಾಯಿತು. ವೇದಿಕೆ ಸುರಕ್ಷಿತವೆಂದು ನಡೆಸುವವನೇ ಬರೆದು ಸಾಧಿಸಿ ತೋರಿಸಬೇಕೆಂಬುದೂ, ಉತ್ಪಾದನೆಯನ್ನು ಹೆಚ್ಚಿಸುವ ಇಲಾಖೆಯ ಕೈಯಲ್ಲಿಯೇ ಸುರಕ್ಷತೆಯ ತಪಾಸಣೆ ಇರಬಾರದೆಂಬುದೂ ಅದರ ತಿರುಳು. ೨೦೧೦ರ ಏಪ್ರಿಲಿನಲ್ಲಿ ಮೆಕ್ಸಿಕೋ ಕೊಲ್ಲಿಯ ಡೀಪ್‌ವಾಟರ್ ಹೊರೈಜನ್ ಸ್ಫೋಟಿಸಿ ೧೧ ಜನ ಸತ್ತರು. ಅದರ ಬಾವಿ ೮೭ ದಿನ ಕಡಲಿಗೆ ಎಣ್ಣೆ ಕಾರಿತು. ಆ ಬಾವಿಯ ಒಡೆತನ ಬಿ.ಪಿ.ಯದಾಗಿತ್ತೆಂಬುದನ್ನು, ಅದೇ ಸಂಸ್ಥೆಯನ್ನು ನಾವು ಈಗ ನೆರವಿಗೆ ಕರೆದಿರುವಾಗ, ನೆನೆಯುವುದು ನಿಂದೆಯಲ್ಲ, ಎಚ್ಚರ. ಆಳ ಹೆಚ್ಚಿದಷ್ಟೂ ತಪ್ಪನ್ನು ತಿದ್ದುವ ಕೈ ದೂರವಾಗುತ್ತದೆ.

೨೦೨೫ರ ತಿದ್ದುಪಡಿಯಲ್ಲಿ, ಕಾಯಿದೆಯ ನಿಯಮ ಮುರಿದವರಿಗೆ ಇದ್ದ ಸೆರೆವಾಸವನ್ನು ತೆಗೆದು ಹಣದ ದಂಡವನ್ನು ಇಟ್ಟಿದ್ದಾರೆ. ಬಂಡವಾಳ ಬರಲು ಭಯ ಕಡಮೆಯಾಗಬೇಕೆಂಬ ವಾದ ತಿಳಿಯದ್ದೇನಲ್ಲ. ಆದರೆ ಬಂಡವಾಳದ ಭಯವನ್ನು ಕಡಮೆ ಮಾಡಿದವರು ಕೂಲಿಗಾರನ ಭಯವನ್ನೂ ಅದೇ ಮೊತ್ತದಲ್ಲಿ ಕಡಮೆ ಮಾಡಬೇಕು. ತಪಾಸಣೆಯ ಅಧಿಕಾರ ಸ್ವತಂತ್ರವಾಗಿರಲಿ. ಗುತ್ತಿಗೆಯ ಕೂಲಿಗಾರನ ಹೆಸರೂ ಅವನು ಎಲ್ಲಿದ್ದಾನೆಂಬುದೂ ನಿಗಮದ ಪುಸ್ತಕದಲ್ಲಿ ಸದಾ ಇರಲಿ. ಚಂಡಮಾರುತದ ಮುನ್ಸೂಚನೆ ಬಂದಾಗ ದಡಕ್ಕೆ ಮರಳುವ ನಿರ್ಧಾರ, ದಿನದ ಬಾಡಿಗೆ ಎಣಿಸುವವನ ಕೈಯಲ್ಲಿ ಇರದಿರಲಿ.

ಇನ್ನೊಂದು ವಿಷ ಕಣ್ಣಿಗೆ ಕಾಣದ್ದು. ಸುಟ್ಟ ಎಣ್ಣೆಯ ಹೊಗೆ ಆಕಾಶದಲ್ಲಿ ನಿಂತು ಭೂಮಿಯನ್ನು ಕಾಯಿಸುತ್ತಿದೆ. ಕಾದ ಅರಬ್ಬೀ ಸಮುದ್ರ ಬಿರುಸಾದ ಚಂಡಮಾರುತಗಳನ್ನು ಹೆರುತ್ತಿದೆ. ತೌಕ್ತೆಯಂಥ ಗಾಳಿ ಆ ವೇದಿಕೆಗಳನ್ನೇ ಬಂದು ಬಡಿದದ್ದರಲ್ಲಿ ಒಂದು ಕಠೋರವಾದ ನ್ಯಾಯವಿದೆ. ಆದರೆ ದಂಡ ತೆತ್ತವರು ತಪ್ಪಿತಸ್ಥರಲ್ಲ. ಗೌರಿಬಿದನೂರಿನಿಂದ ಬಹಳ ದೂರವಿಲ್ಲದ ಪಾವಗಡದಲ್ಲಿ ಬಿಸಿಲಿನಿಂದ ೨,೦೫೦ ಮೆಗಾವಾಟ್ ವಿದ್ಯುತ್ತು ತೆಗೆಯುವ ಉದ್ಯಾನ ನಿಂತಿದೆ. ನಮ್ಮ ಬಯಲುಸೀಮೆಗೆ ದೇವರು ಎಣ್ಣೆ ಕೊಡದಿದ್ದರೂ ಬಿಸಿಲು ಕೊಟ್ಟಿದ್ದಾನೆ. ಆದರೂ ನಾಳೆ ಬೆಳಿಗ್ಗೆಯೇ ಲಾರಿ, ಗೊಬ್ಬರ, ಅಡಿಗೆಯ ಒಲೆಗಳೆಲ್ಲ ಬಿಸಿಲಿಗೆ ತಿರುಗಲಾರವು. ಕಡಲಿನ ಎಣ್ಣೆ ಆ ದಡದಿಂದ ಈ ದಡಕ್ಕೆ ದಾಟಿಸುವ ದೋಣಿಯಾಗಬೇಕು. ದೋಣಿಯಲ್ಲೇ ಮನೆ ಕಟ್ಟಬಾರದು.

ಕೊನೆಯದು ಹಂಚಿಕೆ. ಇದಕ್ಕೆ ನಾವು ನಾರ್ವೆಯನ್ನು ನೋಡಬಹುದು. ಅಲ್ಲಿ ೧೯೬೯ರಲ್ಲಿ ಕಡಲಿನಲ್ಲಿ ತೈಲ ಸಿಕ್ಕಿತು. ೧೯೯೦ರಲ್ಲಿ ಅದರ ವರಮಾನಕ್ಕೆಂದೇ ನಿಧಿಯೊಂದನ್ನು ಕಾನೂನಿನಿಂದ ಕಟ್ಟಿದರು. ಎಣ್ಣೆ ಇಂದಿನವರದಲ್ಲ, ಹುಟ್ಟದಿರುವವರದೂ ಹೌದೆಂಬ ತತ್ತ್ವದಿಂದ, ಅಸಲನ್ನು ಮುಟ್ಟದೆ, ನಿರೀಕ್ಷಿತ ಆದಾಯದಷ್ಟನ್ನು ಖರ್ಚು ಮಾಡುವ ನಿಯಮವಿಟ್ಟುಕೊಂಡರು. ನಮ್ಮದು ಬಡತನದ, ಬಹುಜನದ ದೇಶ, ಅಷ್ಟು ಕೂಡಿಡಲಾರೆವೆನ್ನಬಹುದು. ಆದರೆ ಏನನ್ನೂ ಕೂಡಿಡದಿದ್ದರೆ ಏನಾಗುತ್ತದೆಂದು ನೋಡಲು ದೂರ ಹೋಗಬೇಕಾಗಿಲ್ಲ. ೨೦೦೭ರವರೆಗೆ ನಾವೂ ಕೋಲಾರ ಜಿಲ್ಲೆಯವರೇ. ಆ ಜಿಲ್ಲೆಯ ಚಿನ್ನದ ಗಣಿಗಳು ೧೮೮೦ರಿಂದ ಜಗತ್ತಿಗೆ ಚಿನ್ನ ಕೊಟ್ಟವು. ಮೂರು ಕಿಲೋಮೀಟರಿಗೂ ಆಳದವರೆಗೆ ಮನುಷ್ಯರು ಇಳಿದರು. ಶಿವನಸಮುದ್ರದ ವಿದ್ಯುತ್ತು ೧೯೦೨ರಲ್ಲಿ ಮೊದಲು ಹರಿದದ್ದು ಆ ಗಣಿಗಳಿಗೆ. ೨೦೦೧ರ ಫೆಬ್ರುವರಿ ೨೮ರಂದು ಅವು ಮುಚ್ಚಿದವು. ಉಳಿದದ್ದು ಸಯನೈಡ್ ಬೆರೆತ ಬೂದಿಬೆಟ್ಟಗಳು, ಮತ್ತು ಬೆಳಗಿನ ರೈಲಿನಲ್ಲಿ ಬೆಂಗಳೂರಿಗೆ ಕೂಲಿಗೆ ಹೋಗುವ ಗಣಿಗಾರರ ಮಕ್ಕಳು. ಚಿನ್ನ ಎಲ್ಲಿಗೆ ಹೋಯಿತೆಂದು ಆ ಮಕ್ಕಳು ಕೇಳಿದರೆ ಉತ್ತರಿಸಬಲ್ಲವರು ಯಾರು?

ತೈಲಕ್ಷೇತ್ರಕ್ಕೂ ಒಂದು ಫೆಬ್ರುವರಿ ೨೮ ಇದ್ದೇ ಇದೆ. ಮುಂಬಯಿ ಹೈ ವೇದಿಕೆಗಳಲ್ಲಿ ಹಲವು ಉಪ್ಪುಗಾಳಿಗೆ ನಿಂತು ಹಳತಾಗಿವೆ. ಅವುಗಳನ್ನು ಒಂದು ದಿನ ಬಿಚ್ಚಬೇಕು, ಬಾವಿಗಳ ಬಾಯಿಗೆ ಗಾರೆ ತುಂಬಬೇಕು. ಅದಕ್ಕೂ ದೊಡ್ಡ ಹಣ ಬೇಕು. ಕಟ್ಟುವಾಗಲೇ ಕೆಡವುವುದರ ಹಣವನ್ನೂ ಎತ್ತಿಡುವವನೇ ಗೃಹಸ್ಥ. ಹೊಸ ಯೋಜನೆಯ ವರಮಾನದಲ್ಲಿ ಒಂದು ಪಾಲು ಬಿಸಿಲಿನ, ಗಾಳಿಯ ವಿದ್ಯುತ್ತಿಗೆ, ಒಂದು ಪಾಲು ಹಳೆಯ ವೇದಿಕೆಗಳ ವಿಸರ್ಜನೆಗೆ, ಒಂದು ಪಾಲು ಮುಂದಿನವರಿಗೆ ಮೀಸಲೆಂದು ಕಾನೂನಿನಲ್ಲಿಯೇ ಬರೆದುಕೊಳ್ಳಲಿ. ಆಗ ಇದನ್ನು ಸಮುದ್ರಮಥನವೆಂದು ಕರೆಯುವುದಕ್ಕೆ ನನ್ನ ಅಭ್ಯಂತರವಿಲ್ಲ.

ಇಷ್ಟನ್ನೂ ತರಗತಿಯಲ್ಲಿ ಹೇಳಿ ಮುಗಿಸುವಷ್ಟರಲ್ಲಿ ಗಂಟೆ ಬಾರಿಸಿತು. ಪದ್ಯದ ಪಾಠ ಆ ದಿನ ನಡೆಯಲಿಲ್ಲ. ನೋಟನ್ನು ಎತ್ತಿಕೊಟ್ಟ ಹುಡುಗಿ ಬಾಗಿಲ ಬಳಿ ನಿಂತು ಒಂದು ಪ್ರಶ್ನೆ ಕೇಳಿದಳು: "ಆಗ ವಿಷವನ್ನು ಶಿವ ಕುಡಿದ. ಈಗ ಯಾರನ್ನಾದರೂ ಕೇಳಿದ್ದಾರೆಯೇ, ಸಾರ್?" ನಂದಿಯ ತಪ್ಪಲಿನ ಭೋಗನಂದೀಶ್ವರನ ಗುಡಿ ನಮ್ಮ ಕಾಲೇಜಿಗೆ ಕೆಲವೇ ಮೈಲಿ. ಅಲ್ಲಿರುವವನು ಒಪ್ಪಿ ಕುಡಿದವನು. ಕುಡಿದದ್ದನ್ನು ಲೋಕ ನೆನೆಯುತ್ತಿದೆ. ಕಡಲ ನಡುವೆ ಕುಡಿಯುವವರನ್ನು ಯಾರೂ ಕೇಳಿಲ್ಲ, ನೆನೆಯುವವರೂ ಕಡಮೆ. ಅವಳಿಗೆ ನಾನು ಅಷ್ಟನ್ನೇ ಹೇಳಿ, ನೋಟನ್ನು ಪುಸ್ತಕದೊಳಗೆ ಮತ್ತೆ ಇಟ್ಟುಕೊಂಡೆ.